ಬಾವಿಯವಳು ಮೇಲೆ ಬರುವ ಅಧ್ಯಾಯ

ಜನವರಿ ೧೪

ತಮ್ಮನಿಗೆ, ಅಂದರೆ ಪೂಜ್ಯ ಫಾದರ್ ಅವರಿಗೆ,

ಅಕ್ಕನ ಆಶೀರ್ವಾದ. ಆಶೀರ್ವಾದ ಮಾಡುವುದು ಈಗ ನಿನ್ನ ಕೆಲಸವೆಂದು ಗೊತ್ತು. ಆದರೂ ನಿನ್ನ ಮೂಗು ಒರೆಸಿ ಶಾಲೆಗೆ ಕರೆದುಕೊಂಡು ಹೋದವಳು ನಾನು, ಆ ಹಕ್ಕು ಬಿಟ್ಟುಕೊಡುವುದಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಮೊನ್ನೆ ಟೈಪ್‌ರೈಟರಿನ ಮೇಲಿನ ಬಟ್ಟೆ ತೆಗೆದೆ. ರಿಬ್ಬನ್ ಒಣಗಿ ಹೋಗಿತ್ತು. ನಿನ್ನ ಭಾವ ಅಂಗಡಿಗೆ ಹೋಗಿ ಹೊಸದನ್ನು ತಂದು, ತಾವೇ ಸುತ್ತಿಕೊಟ್ಟು, ಕೈಯ ಮಸಿ ತೊಳೆದುಕೊಂಡು ವರ್ಕ್‌ಶಾಪಿಗೆ ಹೊರಟರು. ಚೂಟಿ ಹೋದಾಗಿನಿಂದ ಅವರು ಭಾನುವಾರವೂ ಲೇತ್ ಮಿಷನ್ನಿನ ಮುಂದೆಯೇ ಇರುತ್ತಾರೆ. ಮಗಳ ಹೆಸರನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಏಳನೆಯ ಸಂಪುಟದ ಎರಡು ಅಧ್ಯಾಯ ಈ ಕಟ್ಟಿನಲ್ಲಿವೆ. ಆರನೆಯದನ್ನು ಎಲ್ಲಿಗೆ ನಿಲ್ಲಿಸಿದ್ದೆ ಎನ್ನುವುದು ನನಗೇ ಮರೆತಿತ್ತು, ಕೂತು ಓದಿಕೊಂಡೆ. ಬತ್ತಿದ ನಾಡಿನಲ್ಲಿ ನೀರು ಕಣ್ಮರೆಯಾಗಿ ಮೂರು ತಲೆಮಾರು. ನೆಲದಡಿಯ ಒರತೆಯನ್ನು ಬಿಡಿಸಿ ತರುತ್ತೇನೆಂದು ಬಾವಿಯವಳು ಹಗ್ಗ ಹಿಡಿದು ಒಬ್ಬಳೇ ಇಳಿಯುತ್ತಾಳೆ. ಜೊತೆಗಾರನೇ ಒಂದು ಚೊಂಬು ನೀರಿನಾಸೆಗೆ ಕಾವಲಿನವರಿಗೆ ಸುಳಿವು ಕೊಡುತ್ತಾನೆ. ಅವರು ಹಗ್ಗ ಕಡಿದು ಬಾವಿಯ ಬಾಯಿಗೆ ಚಪ್ಪಡಿ ಎಳೆಯುತ್ತಾರೆ. ಯೇಸು ಎದ್ದ ಹಾಗೆ ಇವಳೂ ಮೂರನೆಯ ದಿನ ಎದ್ದು ಬರುತ್ತಾಳೋ ಎಂದು ಓದುಗರೆಲ್ಲ ಕಾಯುತ್ತಿದ್ದಾರೆ. ಚರ್ಚಿನವರು, ಈಕೆ ಪವಿತ್ರವಾದದ್ದನ್ನು ಆಟದ ಸಾಮಾನು ಮಾಡಿಕೊಂಡಿದ್ದಾಳೆ ಎಂದು ಬೈದರು. ಉಳಿದವರು, ಮಾಯಾಲೋಕದ ಕಥೆಯೆಂದು ಹೇಳಿ ಯೇಸುವಿನ ಕಥೆಯನ್ನೇ ನುಂಗಿಸುತ್ತಾಳೆ ಎಂದು ಬೈದರು. ಇಬ್ಬರೂ ಬೈಯುತ್ತಿದ್ದಾರೆ ಎಂದರೆ ದಾರಿ ಸರಿಯಿದೆ ಎಂದು ನೀನೇ ಹೇಳಿದ್ದೆ.

ನಮ್ಮ ಪದ್ಧತಿ ಮರೆತಿಲ್ಲ ತಾನೆ? ಧರ್ಮದ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಒಬ್ಬ ಪಾದ್ರಿ ಪೂರ್ತಿ ಓದಿ, ನಂಬಿಕೆಗೆ ವಿರುದ್ಧವಾದದ್ದು ಇದರಲ್ಲಿಲ್ಲ ಎನ್ನುವುದಕ್ಕೆ ‘ಅಡ್ಡಿಯಿಲ್ಲ’ ಎಂದು ಬರೆದುಕೊಡುತ್ತಾರೆ ಎಂದು ನೀನು ಸೆಮಿನರಿಗೆ ಸೇರಿದ ವರ್ಷ ಹೇಳಿದ್ದೆ. ಅವತ್ತಿನಿಂದ ಇಪ್ಪತ್ತು ವರ್ಷ, ನಿನ್ನ ನೀಲಿ ಪೆನ್ಸಿಲಿನ ‘ಅಡ್ಡಿಯಿಲ್ಲ’ ಬೀಳದೆ ನನ್ನ ಒಂದು ಅಧ್ಯಾಯವೂ ಪ್ರಕಾಶಕರ ಕೈ ಸೇರಿಲ್ಲ. ತಮಾಷೆಗೆ ಶುರುವಾದದ್ದು. ಈಗ ನನಗದು ತಮಾಷೆಯಲ್ಲ.

ಇನ್ನೊಂದು ವಿಷಯ. ಸಮಾಧಿಯ ಕಲ್ಲು ಕೆತ್ತುವವನು ಚೂಟಿಯ ಹೆಸರು, ಎರಡು ತಾರೀಖು ಕೆತ್ತಿಟ್ಟು ಕೆಳಗಿನ ಸಾಲಿಗೆ ಕಾಯುತ್ತಿದ್ದಾನೆ. ಪುನರುತ್ಥಾನದ ಭರವಸೆಯಲ್ಲಿ ಇಲ್ಲಿ ನಿದ್ರಿಸುತ್ತಿದ್ದಾಳೆ ಎಂದು ಎಲ್ಲರೂ ಹಾಕಿಸುವ ಸಾಲಿದೆಯಲ್ಲ, ಅದನ್ನೇ ಹಾಕಲಾ ಎಂದು ಕೇಳುತ್ತಾನೆ. ಮುಂದಿನ ವಾರ ಹೇಳುತ್ತೇನೆ ಎನ್ನುತ್ತೇನೆ. ಅವಳನ್ನು ಮಣ್ಣಿಗಿಡುವಾಗ ಪ್ರಾರ್ಥನೆ ಓದಿದವನು ನೀನು. ಅಷ್ಟು ಜನ ಅಳುತ್ತಿದ್ದರೂ ನಿನ್ನ ದನಿ ಒಮ್ಮೆಯೂ ನಡುಗಲಿಲ್ಲ. ಆ ದನಿ ಹಿಡಿದುಕೊಂಡೇ ಈ ಹದಿನಾಲ್ಕು ತಿಂಗಳು ಕಳೆದಿದ್ದೇನೆ.

ಅಕ್ಕ

&nbsp;

ಜನವರಿ ೨೯

ಅಕ್ಕಾ,

ನಿನ್ನ ಕಟ್ಟು ಬಂದ ದಿನ ಆಸ್ಪತ್ರೆಯ ಲಿಫ್ಟ್ ಕೈಕೊಟ್ಟಿತ್ತು. ಜೇಬಿನಲ್ಲಿ ರೋಗಿಗಳಿಗೆ ಹಚ್ಚುವ ಎಣ್ಣೆಯ ಶೀಶೆ, ಕಂಕುಳಲ್ಲಿ ನಿನ್ನ ಬತ್ತಿದ ನಾಡು, ಆರು ಮಹಡಿ ಹತ್ತಿದೆ. ನನ್ನ ಕೋಣೆ ಈಗ ಲಾಂಡ್ರಿಯ ಪಕ್ಕಕ್ಕೆ ಬಂದಿದೆ. ಹಗಲೆಲ್ಲ ಹಬೆ, ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಇಲ್ಲಿನ ಪಾದ್ರಿಗೆ ಕೊಟ್ಟ ಏಕೈಕ ಸುಖ ಅದು.

ಜೊತೆಗಾರ ತನಗೆ ಸಿಕ್ಕ ಚೊಂಬಿನ ನೀರನ್ನು ಕುಡಿಯಲಾರದೆ ಚೆಲ್ಲಲಾರದೆ ಹಿಡಿದುಕೊಂಡು ಊರೂರು ಅಲೆಯುತ್ತಾನಲ್ಲ, ಅದು ಬಹಳ ಚೆನ್ನಾಗಿದೆ. ಮೂಲದಲ್ಲಿ, ಬೈಬಲಿನಲ್ಲಿ, ಯೇಸುವನ್ನು ಹಿಡಿದುಕೊಟ್ಟವನು ನೇಣು ಹಾಕಿಕೊಳ್ಳುತ್ತಾನೆ. ನೀನು ಬದುಕಲು ಬಿಟ್ಟಿದ್ದೀ. ನನ್ನ ಗುರುಗಳು ಕಂಡಿದ್ದರೆ ನಿನ್ನ ಕಿವಿ ಹಿಂಡುತ್ತಿದ್ದರು. ನಾನು ಹಿಂಡುವುದಿಲ್ಲ, ಏಕೆಂದರೆ ನಿನ್ನ ಕಿವಿಗೆ ನನ್ನ ಕೈ ಯಾವತ್ತೂ ಎಟುಕಿಲ್ಲ.

ಎರಡನೆಯ ಅಧ್ಯಾಯದಲ್ಲಿ ಒಂದು ತಕರಾರು. ಸೃಷ್ಟಿಕರ್ತನನ್ನು ಮೊದಲ ಅಗೆತಗಾರ ಎಂದು ಕರೆದಿದ್ದೀ. ಅವನು ಅಗೆಯಬೇಕಾದರೆ ನೆಲ ಮೊದಲೇ ಇರಬೇಕು. ಹಾಗಾದರೆ ನೆಲವನ್ನು ಮಾಡಿದವರು ಯಾರು? ಏನೂ ಇಲ್ಲದ್ದರಿಂದ ಎಲ್ಲವೂ ಬಂತು ಎನ್ನುವುದು ನಮ್ಮ ಬುಡ, ಅಲ್ಲಿಗೇ ಗುದ್ದಲಿ ಹಾಕಬೇಡ ತಾಯಿ. ಒಂದು ವಾಕ್ಯ ಸೇರಿಸಿದರೆ ಸರಿಹೋಗುತ್ತದೆ, ಅಂಚಿನಲ್ಲಿ ಬರೆದಿದ್ದೇನೆ. ಎರಡಕ್ಕೂ ಅಡ್ಡಿಯಿಲ್ಲ.

ಮುಂದೆ ಬಾವಿಯವಳು ಕೆಳಗಿರುವ ಮೂರು ದಿನ ಏನು ಮಾಡುತ್ತಾಳೆ ಎನ್ನುವುದನ್ನು ಬಿಡಬೇಡ. ಕರ್ತ ಯೇಸು ಸಮಾಧಿಯಲ್ಲಿದ್ದ ಹೊತ್ತಿನಲ್ಲಿ ಪಾತಾಳಕ್ಕಿಳಿದು ಹಿಂದೆ ಸತ್ತವರನ್ನೆಲ್ಲ ಭೇಟಿಯಾದ ಎಂದು ನಾವು ಹೇಳುತ್ತೇವೆ. ಹೇಳುವುದು ಅರ್ಧ ಸಾಲು ಮಾತ್ರ. ಉಳಿದದ್ದು ನಿನಗೆ ಬಿಟ್ಟ ಜಾಗ.

ನನ್ನ ದನಿಯ ಬಗ್ಗೆ ಬರೆದಿದ್ದೀ. ಅದು ಬರೀ ಅಭ್ಯಾಸ ಅಕ್ಕ. ವಾರಕ್ಕೆ ನಾಲ್ಕು ಸಲ ಓದುವ ಪ್ರಾರ್ಥನೆ. ಕಲ್ಲಿನವನು ಕಾಯಲಿ, ಅವಸರವೇನೂ ಇಲ್ಲ. ಭಾವನಿಗೆ ನಮಸ್ಕಾರ ಹೇಳು.

ತಮ್ಮ

&nbsp;

ಫೆಬ್ರವರಿ ೧೬

ತಮ್ಮಾ,

ಅಭ್ಯಾಸ ಎನ್ನುತ್ತೀ. ದೊಡ್ಡ ಮನುಷ್ಯರೆಲ್ಲ ತಮ್ಮ ವಿಷಯಕ್ಕೆ ಬಂದಾಗ ಹೀಗೆಯೇ ಸಣ್ಣ ಮಾತಾಡುತ್ತಾರೆ. ಇರಲಿ, ನಾನು ನಂಬುವುದಿಲ್ಲ.

ನೀನು ಹೇಳಿದ ಆ ಅರ್ಧ ಸಾಲಿಗೆ ನಾಲ್ಕು ಅಧ್ಯಾಯ ಬರೆದೆ. ಕೆಳಗೆ, ಕತ್ತಲಲ್ಲಿ, ಇದುವರೆಗೆ ಸತ್ತವರೆಲ್ಲ ಖಾಲಿ ಕೊಡ ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕೂತಿದ್ದಾರೆ. ಬಾವಿಯವಳು ಯಾರ ಕೈಯನ್ನೂ ಹಿಡಿದೆಳೆಯುವುದಿಲ್ಲ. ಒಬ್ಬೊಬ್ಬರ ಮುಂದೆಯೂ ಕೂತು ಹೆಸರು ಕೇಳುತ್ತಾಳೆ. ತಮ್ಮ ಹೆಸರು ಮರೆತವರಿಗೆ ತಾನೇ ನೆನಪು ಮಾಡಿಕೊಡುತ್ತಾಳೆ. ಸಾಲಿನ ಕೊನೆಯಲ್ಲೊಂದು ಹುಡುಗಿ ಇದ್ದಾಳೆ. ಅವಳು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಲೈಬ್ರರಿಯ ಕೌಂಟರಿನಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುತ್ತ ಕೂತಾಗಲೇ ಆ ಪುಟ ತಲೆಯಲ್ಲಿ ಬಂತು. ಮೂರು ಜನರ ಕಾರ್ಡಿಗೆ ತಪ್ಪು ತಾರೀಖು ಒತ್ತಿದೆ.

ಆರನೆಯ ಸಂಪುಟವನ್ನು ಚೂಟಿಗೆ ಓದಿ ಹೇಳಿದ ದಿನ ಅವಳು ಮುಖ ಊದಿಸಿಕೊಂಡು ಕೂತಿದ್ದಳು. ಚಪ್ಪಡಿ ಎಳೆದದ್ದು ಅವಳಿಗೆ ಹಿಡಿಸಲಿಲ್ಲ. ಮುಂದಿನ ಪುಸ್ತಕದಲ್ಲಿ ಮೇಲೆ ಬರುತ್ತಾಳೆ ಕಣೇ ಎಂದರೂ ಸಮಾಧಾನವಿಲ್ಲ. ಆಮೇಲೆ ಹೇಳಿದಳು, “ಅಮ್ಮಾ, ಅವಳು ಬರುವಾಗ ಉಗುರಲ್ಲಿ ಮಣ್ಣಿರ್ಬೇಕು. ಕ್ಲೀನಾಗಿ ಬಂದ್ರೆ ನಾನ್ ನಂಬಲ್ಲ.” ಹನ್ನೊಂದು ವರ್ಷದವಳು. ಅದಾಗಿ ಮೂರು ವಾರಕ್ಕೆ ಜ್ವರ ತಲೆಗೇರಿತು, ಐದೇ ದಿನ.

ಅದಕ್ಕೇ ಕೇಳುತ್ತೇನೆ. ಸತ್ತು ಎದ್ದವರ ಮೈ ಹೇಗಿರುತ್ತದೆ? ನಮ್ಮವರು ಎಂದು ನೋಡಿದ ಕೂಡಲೇ ಗುರುತು ಸಿಗುತ್ತದೆಯೇ? ಹನ್ನೊಂದು ವರ್ಷಕ್ಕೆ ಹೋದವರು ಹನ್ನೊಂದರಲ್ಲೇ ಇರುತ್ತಾರೆಯೇ? ಆಸ್ಪತ್ರೆಯಲ್ಲಿ ಕತ್ತರಿಸಿದ ಕೂದಲು ಬೆಳೆದಿರುತ್ತದೆಯೇ? ಕಥೆಗಾಗಿ ಕೇಳುತ್ತಿದ್ದೇನೆ.

ಅಕ್ಕ

&nbsp;

ಮಾರ್ಚ್ ೩

ಅಕ್ಕಾ,

ಕಥೆಗಾಗಿ ಕೇಳಿದ್ದೀ, ಕಥೆಗೆ ಬೇಕಾದಷ್ಟನ್ನು ಬರೆಯುತ್ತೇನೆ. ಎದ್ದ ಮೈ ಅದೇ ಮೈ, ಆದರೆ ನಾಶವಾಗದ್ದು ಎನ್ನುವುದು ನಮ್ಮ ಬೋಧನೆ. ಕರ್ತನ ಮೈಮೇಲೆ ಮೊಳೆಯ ಗಾಯ ಉಳಿದಿತ್ತು, ಹಾಗಾಗಿ ಉಗುರಿನ ಮಣ್ಣಿಗೆ ಆಧಾರವಿದೆ. ಗುರುತು ಕೂಡಲೇ ಸಿಗಬೇಕೆಂದೇನೂ ಇಲ್ಲ. ಅವನನ್ನು ಮೊದಲು ಕಂಡ ಹೆಂಗಸು ತೋಟದ ಮಾಲಿ ಎಂದುಕೊಂಡಳು, ಹೆಸರು ಹಿಡಿದು ಕರೆದ ಮೇಲೆ ಗೊತ್ತಾಯಿತು. ವಯಸ್ಸಿನ ಬಗ್ಗೆ ಹಳೆಯ ಪಂಡಿತರಲ್ಲಿ ಚರ್ಚೆ ನಡೆದಿದೆ. ಮಕ್ಕಳಾಗಿ ಸತ್ತವರೂ ಮುದುಕರಾಗಿ ಸತ್ತವರೂ ಸುಮಾರು ಮೂವತ್ತರ ತುಂಬು ಪ್ರಾಯದಲ್ಲಿ ಏಳುತ್ತಾರೆ ಎನ್ನುವುದು ಕೆಲವರ ಅಭಿಪ್ರಾಯ. ಅದು ಕಡ್ಡಾಯವಾಗಿ ನಂಬಬೇಕಾದದ್ದಲ್ಲ. ಕೂದಲಿನ ಬಗ್ಗೆಯೂ ಬರೆದಿದ್ದಾರೆ, ಕಪಾಟಿನ ಮೇಲಿನ ಪುಸ್ತಕ ತೆಗೆದು ನೋಡಿ ತಿಳಿಸುತ್ತೇನೆ.

ಮೂರರಿಂದ ಆರರವರೆಗೆ ಅಡ್ಡಿಯಿಲ್ಲ. ಹೆಸರು ಕೇಳುವ ಭಾಗ ಚೆನ್ನಾಗಿ ಬಂದಿದೆ.

ಇಲ್ಲಿ ಎರಡು ವಾರ್ಡು ಹೊಸದಾಗಿ ತೆರೆದಿದ್ದಾರೆ. ಪುರುಸೊತ್ತಿಲ್ಲ.

ತಮ್ಮ

&nbsp;

ಮಾರ್ಚ್ ೨೫

ತಮ್ಮಾ,

ನಿನ್ನ ಕಾಗದ ಓದಿ ಎರಡು ವಾರ ಉತ್ತರ ಬರೆಯಲಿಲ್ಲ. ಪಾಠ ಒಪ್ಪಿಸಿದ ಹಾಗಿತ್ತು. ಮೂವತ್ತು ವರ್ಷದ ಹೆಂಗಸೊಬ್ಬಳು ಎದುರು ಬಂದು ನಾನು ನಿನ್ನ ಮಗಳು ಎಂದರೆ ನಾನೇನು ಮಾಡಲಿ? ಅವಳನ್ನು ಎತ್ತಿಕೊಳ್ಳಲಿಕ್ಕೂ ಆಗುವುದಿಲ್ಲ. ಭಾವ ಕಾಗದ ಓದಿ ಮಡಿಸಿಟ್ಟು, “ಅವನ ತಪ್ಪಲ್ಲ, ನೀನು ಕಥೆಗೆ ಅಂತ ಕೇಳಿದ್ಯಲ್ಲ” ಎಂದರು. ನಿಜ. ಕೇಳಬೇಕಾದ್ದನ್ನು ಕೇಳಬೇಕಾದ ಹಾಗೆ ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಕೊನೆಯ ಅಧ್ಯಾಯ ಕಳಿಸುತ್ತಿದ್ದೇನೆ. ಮೂರನೆಯ ದಿನದ ಬೆಳಗು. ಇದರಲ್ಲೇನಿದೆ ಎಂದು ಇಲ್ಲಿ ಹೇಳುವುದಿಲ್ಲ. ಇದನ್ನು ನಿಧಾನವಾಗಿ ಓದು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನೀನು ಅಡ್ಡಿ ಎಂದು ಬರೆದಿಲ್ಲ, ಅಂಚಿನಲ್ಲಿ ಕೆರೆದು ಹೇಗೋ ದಾರಿ ಮಾಡಿಕೊಟ್ಟಿದ್ದೀ. ಈ ಸಲ ಅಡ್ಡಿಯಿದ್ದರೆ ಅಡ್ಡಿ ಎಂದೇ ಬರೆ. ನನಗೇನೂ ಬೇಜಾರಿಲ್ಲ. ಇಡೀ ಅಧ್ಯಾಯಕ್ಕೆ ಗೀಟು ಎಳೆದರೂ ಬೇಜಾರಿಲ್ಲ.

ಪ್ರಕಾಶಕರು ಏಪ್ರಿಲ್ ಮಧ್ಯದವರೆಗೆ ಸಮಯ ಕೊಟ್ಟಿದ್ದಾರೆ. ಕಲ್ಲಿನವನಿಗೂ ನಿನ್ನ ಉತ್ತರ ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ನೀನು ಏನು ಬರೆಯುತ್ತೀಯೋ ಅದೇ ಆಗಲಿ ಎಂದು ನಿರ್ಧಾರ ಮಾಡಿದ್ದೇನೆ.

ಅಕ್ಕ

&nbsp;

ಏಪ್ರಿಲ್ ೪

ಪ್ರೀತಿಯ ಅಕ್ಕಾ,

ಹಿಂದಿನ ಕಾಗದಕ್ಕೆ ಕ್ಷಮಿಸು. ಮನಸ್ಸಿಗೆ ನಾಟುವಂಥದ್ದನ್ನು ಬರೆಯಲು ಹೋಗಿ ಪುಸ್ತಕ ತೆರೆದುಬಿಟ್ಟೆ.

ಕೊನೆಯ ಅಧ್ಯಾಯ ಓದಿದೆ. ಅಡ್ಡಿಯಿಲ್ಲ. ಒಂದು ಅಕ್ಷರವನ್ನೂ ಬದಲಿಸಬೇಡ. ಇದಲ್ಲದೆ ಬೇರೆ ಕೊನೆ ಈ ಕಥೆಗೆ ಇರಲಿಕ್ಕೆ ಸಾಧ್ಯವೇ ಇಲ್ಲ, ಅದು ನನಗೆ ಆರನೆಯ ಸಂಪುಟದಲ್ಲೇ ಗೊತ್ತಿತ್ತು. ಓದಿ ಮನಸ್ಸಿಗೆ ನೆಮ್ಮದಿಯಾಯಿತು. ಇಷ್ಟು ದುಃಖದ ನಡುವೆ ಇದನ್ನು ಬರೆಯಲು ನಿನಗೆ ಎಷ್ಟು ಗಟ್ಟಿ ಮನಸ್ಸು ಬೇಕಾಯಿತೋ.

ಕಲ್ಲಿನವನಿಗೂ ಅದೇ ಉತ್ತರ ಹೇಳು. ಇನ್ನು ಅನುಮಾನ ಬೇಡ.

ತಮ್ಮ

&nbsp;

ಏಪ್ರಿಲ್ ೧೮

ತಮ್ಮಾ,

ಕಟ್ಟು ತಲುಪಿತು. ನೀಲಿ ಪೆನ್ಸಿಲಿನ ಅಕ್ಷರ ನೋಡಿದೆ. ಅದನ್ನು ಬರೆಯಲು ನಿನಗೆ ಎಷ್ಟು ಕಷ್ಟವಾಗಿರಬಹುದು ಎಂದು ಯೋಚಿಸಿದೆ. ಆದರೂ ನೇರವಾಗಿ ಹೇಳಿದೆಯಲ್ಲ, ಅದಕ್ಕೆ ಋಣಿ.

ಪುಸ್ತಕ ಅಚ್ಚಿಗೆ ಹೋಯಿತು. ಕಲ್ಲಿನ ಕೆಲಸವೂ ಮುಗಿಯಿತು, ನೀನು ಹೇಳಿದ ಹಾಗೆಯೇ. ಚೂಟಿಯ ಬಟ್ಟೆ, ಶಾಲೆಯ ಚೀಲ, ಬೂಟು ಎಲ್ಲ ಕೊಟ್ಟುಬಿಟ್ಟೆ. ಇಟ್ಟುಕೊಂಡು ಪ್ರಯೋಜನವಿಲ್ಲವಲ್ಲ. ಅವಳ ಮಂಚ ಭಾವ ಬಿಚ್ಚಿ ಹಲಗೆಗಳನ್ನು ವರ್ಕ್‌ಶಾಪಿಗೆ ತೆಗೆದುಕೊಂಡು ಹೋದರು.

ಇನ್ನು ಬರೆಯುವುದಿಲ್ಲ. ಕಥೆಯ ಮಾತು ಹೇಳಿದೆ. ಕಾಗದ ಬರೆಯುತ್ತೇನೆ.

ಅಕ್ಕ

&nbsp;

ಜೂನ್ ೯

ಪ್ರೀತಿಯ ಅಕ್ಕಾ,

ಇದು ಮೂರನೆಯ ಕಾಗದ, ಉತ್ತರವಿಲ್ಲ. ಅಂಚೆಯವರನ್ನು ಬೈದುಕೊಂಡು ಮತ್ತೆ ಬರೆಯುತ್ತಿದ್ದೇನೆ. ಫೋನು ಮಾಡೋಣವೆಂದರೆ ಇಲ್ಲಿನದು ನರ್ಸುಗಳ ಮೇಜಿನ ಮೇಲಿದೆ, ಅಕ್ಕ ತಮ್ಮನ ಮಾತು ಇಡೀ ಮಹಡಿಗೆ ಕೇಳುತ್ತದೆ.

ನೀನು ಬಟ್ಟೆಗಳನ್ನೆಲ್ಲ ಕೊಟ್ಟದ್ದು ಕೇಳಿ ಸಮಾಧಾನವಾಯಿತು. ಅವಳ ಸಾಮಾನು ತಬ್ಬಿಕೊಂಡು ಕೂರುತ್ತೀಯೇನೋ ಎಂದು ಹೆದರಿದ್ದೆ. ಇಷ್ಟು ಬೇಗ ಚೇತರಿಸಿಕೊಂಡಿದ್ದೀ. ಇಲ್ಲಿ ಮಗು ಕಳೆದುಕೊಂಡ ತಾಯಂದಿರಿಗೆ ನಿನ್ನ ಉದಾಹರಣೆ ಕೊಡುತ್ತೇನೆ, ಹೆಸರು ಹೇಳದೆ. ಭರವಸೆ ಇದ್ದವರು ಹೀಗೆ ಎದ್ದು ನಿಲ್ಲುತ್ತಾರೆ ಎನ್ನುತ್ತೇನೆ.

ಪುಸ್ತಕ ಬಂದ ಕೂಡಲೇ ಒಂದು ಪ್ರತಿ ಕಳಿಸು. ಯಾವಾಗಲೂ ಮೊದಲ ಪ್ರತಿ ನನ್ನದು.

ತಮ್ಮ

&nbsp;

ಆಗಸ್ಟ್ ೨

ಅಕ್ಕಾ,

ನೀನು ಪ್ರತಿ ಕಳಿಸಲಿಲ್ಲ. ನಾಲ್ಕನೆಯ ವಾರ್ಡಿನಲ್ಲಿ ಒಬ್ಬರು ನಿವೃತ್ತ ಸ್ಕೂಲ್ ಮೇಡಂ ಇದ್ದಾರೆ, ಕರುಳಿನ ಕಾಯಿಲೆ, ನಿನ್ನ ಆರೂ ಸಂಪುಟ ಓದಿದವರು. ಅವರ ಮಗ ಏಳನೆಯದನ್ನು ತಂದುಕೊಟ್ಟಿದ್ದ. ನಿನ್ನೆ ಬೆಳಿಗ್ಗೆ ಪ್ರಾರ್ಥನೆಗೆ ಹೋದರೆ ಅವರು ಪುಸ್ತಕವನ್ನು ಹೊಟ್ಟೆಯ ಮೇಲೆ ಬೋರಲು ಹಾಕಿಕೊಂಡು ಸೀಲಿಂಗ್ ನೋಡುತ್ತಿದ್ದರು. “ಫಾದರ್, ನಿಮ್ಮಕ್ಕ ಯಾಕ್ ಹೀಗ್ ಮಾಡಿದ್ರು?” ಎಂದರು. ಏನು ಮಾಡಿದಳು ಎಂದೆ. “ಅವಳು ಮೇಲೆ ಬರೋದೇ ಇಲ್ವಲ್ಲ.”

ಅವರ ಕೈಯಿಂದ ಪುಸ್ತಕ ಇಸಿದುಕೊಂಡು ಮೆಟ್ಟಿಲ ಮೇಲೆ ಕೂತು ಓದಿದೆ. ಮೂರನೆಯ ದಿನ ಊರವರು ಬರುತ್ತಾರೆ. ಚಪ್ಪಡಿ ಇದ್ದಲ್ಲೇ ಇದೆ. ಸರಿಸುತ್ತಾರೆ, ಕೂಗುತ್ತಾರೆ, ಹೊಸ ಹಗ್ಗ ಇಳಿಬಿಡುತ್ತಾರೆ. ಹಗ್ಗ ಒಣಗಿದ್ದದ್ದು ಒಣಗಿದ ಹಾಗೆಯೇ ಮೇಲೆ ಬರುತ್ತದೆ. ಬಾವಿಯವಳ ತಾಯಿ ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಚಪ್ಪಡಿ ಮತ್ತೆ ಮುಚ್ಚಿ ಎಲ್ಲರೂ ಮನೆಗೆ ಹೋಗುತ್ತಾರೆ.

ಅಕ್ಕ, ನಾನು ಅದನ್ನು ಓದಿರಲಿಲ್ಲ. ಓದಿದೆ ಎಂದು ಬರೆದದ್ದು ಸುಳ್ಳು. ಕಟ್ಟಿನ ದಾರವನ್ನೇ ಬಿಚ್ಚಿರಲಿಲ್ಲ. ಕೊನೆಯ ಹಾಳೆಯನ್ನು ಅಡಿಯಿಂದ ಎಳೆದು, ಮೇಲಿನ ಅಕ್ಷರ ನೋಡದೆ ಅಡ್ಡಿಯಿಲ್ಲ ಎಂದು ಬರೆದು, ಹಾಗೇ ತೂರಿಸಿಟ್ಟೆ. ಮೂರನೆಯ ದಿನ ಎಂದಮೇಲೆ ಅವಳು ಎದ್ದೇ ಏಳುತ್ತಾಳೆ ಎಂದುಕೊಂಡಿದ್ದೆ. ಆ ವಾರ ವಾರ್ಡುಗಳಲ್ಲಿ ಕೆಲಸ ತುಂಬಿತ್ತು.

ಈಗ ಹೇಳುತ್ತೇನೆ, ಅಡ್ಡಿ ಇದೆ. ಪೂರ್ತಿ ಅಡ್ಡಿ ಇದೆ. ಸಾವಿಗೆ ಕೊನೆಯ ಮಾತಿಲ್ಲ. ಮುಂದಿನ ಮುದ್ರಣದಲ್ಲಿ ಆ ಅಧ್ಯಾಯ ತೆಗೆದು ಬೇರೆ ಬರೆ. ಕಲ್ಲಿನ ಮೇಲೆ ಆ ಸಾಲು ಇಲ್ಲದಿದ್ದರೆ ಈಗಲೇ ಕೆತ್ತಿಸು. ನಮ್ಮ ನಂಬಿಕೆಯ ಬುಡವೇ ಅದು, ಯೇಸುವಿನ ಸಮಾಧಿಯ ಕಲ್ಲು ಸರಿಯದಿದ್ದರೆ ನಾವು ಹೇಳುವುದೆಲ್ಲ ವ್ಯರ್ಥ. ಚೂಟಿ ಏಳುತ್ತಾಳೆ. ನನ್ನ ಮಾತು ಕೇಳು.

ತಮ್ಮ

&nbsp;

ಆಗಸ್ಟ್ ೧೯

ತಮ್ಮಾ,

ನೀನು ಓದಿರಲಿಲ್ಲ ಎನ್ನುವುದನ್ನು ನಂಬುತ್ತೇನೆ. ಕೆಲಸ ತುಂಬಿತ್ತು ಎನ್ನುವುದನ್ನು ನಂಬುವುದಿಲ್ಲ. ಕೆಲಸ ತುಂಬಿದವನು ನಾಲ್ಕು ದಿನ ತಡವಾಗಿ ಓದುತ್ತಾನೆ. ಓದಿ ನೆಮ್ಮದಿಯಾಯಿತು ಎಂದು ಬರೆಯುವುದಿಲ್ಲ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ, ಅದನ್ನು ಕೇಳು. ಆ ಅಧ್ಯಾಯವನ್ನು ನಾನು ಬರೆದದ್ದೇ ನೀನು ಹೊಡೆದು ಹಾಕಲಿ ಎಂದು. ಇನ್ನೊಂದು ಬರೆದಿಟ್ಟಿದ್ದೆ, ಹನ್ನೊಂದು ಪುಟ, ಮೇಜಿನ ಖಾನೆಯಲ್ಲಿತ್ತು. ಅದರಲ್ಲಿ ಚಪ್ಪಡಿ ಒಳಗಿನಿಂದ ಸರಿಯುತ್ತದೆ, ಬಾವಿಯವಳು ಬರುತ್ತಾಳೆ, ಅವಳ ಬೆನ್ನಿಗೆ ಆ ಹುಡುಗಿ, ಇಬ್ಬರ ಉಗುರಲ್ಲೂ ಮಣ್ಣು. ಅದನ್ನು ನಿನಗೆ ಕಳಿಸಿದ್ದರೆ ನೀನು ಅಡ್ಡಿಯಿಲ್ಲ ಎಂದು ಬರೆಯುತ್ತಿದ್ದೆ, ಅದು ನನಗೆ ಗೊತ್ತಿತ್ತು. ಅಕ್ಕನ ಸಮಾಧಾನಕ್ಕೆ ಬರೆದನೋ ನಂಬಿ ಬರೆದನೋ ಎಂದು ಜನ್ಮವೆಲ್ಲ ಕೊರೆಯುತ್ತಿತ್ತು. ಅದಕ್ಕೇ ಇದನ್ನು ಕಳಿಸಿದೆ. ನಿನ್ನ ಇಡೀ ಬಾಳು ಯಾವುದರ ಮೇಲೆ ನಿಂತಿದೆಯೋ ಅದನ್ನೇ ಅಲ್ಲಗಳೆಯುವ ಅಧ್ಯಾಯ ಕಂಡರೆ ನೀನು ಸುಮ್ಮನಿರುವುದಿಲ್ಲ, ಅಕ್ಕ ಎಂದೂ ನೋಡುವುದಿಲ್ಲ, ನೀಲಿ ಪೆನ್ಸಿಲು ಮುರಿಯುವ ಹಾಗೆ ಗೀಟು ಎಳೆಯುತ್ತೀ. ಆ ಗೀಟು ನನಗೆ ಬೇಕಾಗಿತ್ತು. ಅದು ಸಿಕ್ಕಿದ್ದರೆ ಯಾರು ಏನೆಂದರೂ ನಾನು ನಂಬುತ್ತಿದ್ದೆ.

ಅಡ್ಡಿಯಿಲ್ಲ ಎಂದು ಬಂತು. ಕಲ್ಲಿನವನಿಗೂ ಅದೇ ಉತ್ತರ ಹೇಳು ಎಂದು ನೀನು ಬರೆದಿದ್ದೆ, ಸಾಲು ಬೇಡ ಎಂದು ನಾನು ಅವನಿಗೆ ಹೇಳಿದೆ. ಆ ಹನ್ನೊಂದು ಪುಟವನ್ನು ಒಲೆಗೆ ಹಾಕಿದೆ. ಪಾದ್ರಿಗೇ ಅಡ್ಡಿಯಿಲ್ಲದ ಮೇಲೆ ಅವಳ ಬೂಟು ಯಾರಿಗಾಗಿ ಇಟ್ಟುಕೊಳ್ಳಲಿ? ಭಾವನಿಗೂ ಹೇಳಿದೆ. ಅವರು ಲೋಟ ಕೆಳಗಿಟ್ಟು, “ಅವನೇ ಹಾಗಂದನಾ?” ಎಂದು ಒಂದೇ ಸಲ ಕೇಳಿದರು. ಅವರೂ ನಿನ್ನ ದನಿಯನ್ನೇ ನೆಚ್ಚಿಕೊಂಡಿದ್ದರು ಎನ್ನುವುದು ನನಗೆ ಅವತ್ತು ಗೊತ್ತಾಯಿತು.

ಈಗ ನೀನು ಚೂಟಿ ಏಳುತ್ತಾಳೆ ಎಂದು ಬರೆದಿದ್ದೀ. ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಚರ್ಚಿನ ಮೈಕಿನಲ್ಲಿ ಮಾತಾಡುವವನ ಹಾಗಿದೆ. ನೀನು ಯಾಕೆ ಆ ಕಟ್ಟು ಬಿಚ್ಚಲಿಲ್ಲ ಎನ್ನುವುದು ಅದರಲ್ಲೆಲ್ಲೂ ಇಲ್ಲ.

ಕಲ್ಲನ್ನು ನೆಟ್ಟಾಗಿದೆ. ನಾನು ಬೇಡ ಎಂದರೂ ಕಲ್ಲಿನವನು ತಾರೀಖಿನ ಕೆಳಗೆ ಒಂದು ಸಾಲಿನ ಜಾಗ ನಯ ಮಾಡಿ ಬಿಟ್ಟಿದ್ದಾನೆ. “ಮನಸ್ ಬದಲಾದ್ರೆ ಹೇಳಿ ಅಮ್ಮಾ, ಅಲ್ಲಿಗೇ ಬಂದು ಕೆತ್ತಿಕೊಡ್ತೀನಿ” ಎಂದಿದ್ದಾನೆ. ಒಳ್ಳೆಯವನು. ಆ ಜಾಗಕ್ಕೆ ಒಂದು ಸಾಲು ಬರೆದು ಕಳಿಸು. ನಿನ್ನ ಪುಸ್ತಕದ್ದು ಬೇಡ, ನಿನ್ನ ಗುರುಗಳದ್ದು ಬೇಡ. ನೀನು ನಂಬುವುದನ್ನು ಬರೆ. ಅದು ಎಷ್ಟೇ ಚಿಕ್ಕದಾಗಿದ್ದರೂ ಕೆತ್ತಿಸುತ್ತೇನೆ. ಈ ಸಲ ಕಥೆಗಾಗಿ ಕೇಳುತ್ತಿಲ್ಲ.

ಅಕ್ಕ

&nbsp;

ಸೆಪ್ಟೆಂಬರ್ ೧೧

ಅಕ್ಕಾ,

ಮೂರು ವಾರದಿಂದ ಬರೆದು ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಕಟ್ಟು ಬಿಚ್ಚದಿದ್ದಕ್ಕೆ ಕಾರಣ ಕೇಳಿದ್ದೀ. ಚೂಟಿಯನ್ನು ಮಣ್ಣಿಗಿಟ್ಟದ್ದು ಗುರುವಾರ. ನಾನು ನಿಮ್ಮ ಮನೆಯಲ್ಲೇ ಉಳಿದಿದ್ದೆ. ಶನಿವಾರ ಬೆಳಿಗ್ಗೆ ಬಸ್ಸಿನ ಟಿಕೆಟು ತರುತ್ತೇನೆಂದು ಹೇಳಿ ಹೊರಟವನು ಟಿಕೆಟಿಗೆ ಹೋಗಲಿಲ್ಲ. ಸ್ಮಶಾನಕ್ಕೆ ಹೋದೆ. ಮೂರನೆಯ ದಿನವಲ್ಲವೇ ಎಂದು ಹೋದೆ. ಮೂವತ್ತೊಂಬತ್ತು ವರ್ಷದವನು, ಹದಿಮೂರು ವರ್ಷದಿಂದ ಪಾದ್ರಿ. ನಮ್ಮ ಧರ್ಮ ಹಾಗೆ ಹೇಳುವುದಿಲ್ಲ, ಎಲ್ಲರೂ ಏಳುವುದು ಲೋಕದ ಕೊನೆಗೆ ಎಂದು ನಾನೇ ಎಷ್ಟೋ ಜನಕ್ಕೆ ಪಾಠ ಹೇಳಿದ್ದೇನೆ. ಎಲ್ಲ ಗೊತ್ತಿತ್ತು, ಆದರೂ ಹೋದೆ. ಹೂವು ಬಾಡಿತ್ತು, ಮಣ್ಣು ಸ್ವಲ್ಪ ಕುಸಿದಿತ್ತು. ಬಗ್ಗಿ ಕಿವಿಗೊಟ್ಟು ನಿಂತೆ. ಒಂದು ಗಂಟೆಯೋ ಎರಡು ಗಂಟೆಯೋ ನಿಂತಿರಬೇಕು. ಗುಂಡಿ ತೋಡುವವನು ಸಲಿಕೆ ಹಿಡಿದು ಬಂದು, “ಏನಾದ್ರೂ ಬಿಟ್ಟೋಗಿದ್ರಾ ಫಾದರ್?” ಎಂದು ಕೇಳಿದ. ಕೊಡೆ ಎಂದೆ. ಪಾಪ, ಅವನೂ ನನ್ನ ಜೊತೆ ಸಾಲು ಸಾಲು ಹುಡುಕಿದ.

ಮನೆಗೆ ಬಂದು ನೀನು ಕೊಟ್ಟ ಕಾಫಿ ಕುಡಿದೆ. ಟಿಕೆಟು ಸಿಕ್ಕಿತಾ ಎಂದು ನೀನು ಕೇಳಿದೆ, ಸಿಕ್ಕಿತು ಎಂದೆ.

ಅವತ್ತಿನಿಂದ ನನ್ನೊಳಗೆ ಏನೂ ಇಲ್ಲ ಅಕ್ಕ. ಗುರುವಾರದ ದನಿಯಲ್ಲಿ ನಂಬಿಕೆ ಇದ್ದದ್ದು ನಿಜ. ಶನಿವಾರದಿಂದ ಬರೀ ಅಭ್ಯಾಸ. ದಿನವೂ ಪೂಜೆ ಮಾಡುತ್ತೇನೆ, ಸಾಯುವವರ ಹಣೆಗೆ ಎಣ್ಣೆ ಹಚ್ಚುತ್ತೇನೆ, ಅವರು ನನ್ನ ಕೈ ಹಿಡಿದುಕೊಳ್ಳುತ್ತಾರೆ, ಬಿಡಿಸಿಕೊಂಡು ಹೋಗಲು ಆಗುವುದಿಲ್ಲ. ಯಾರಿಗೂ ಹೇಳಿಲ್ಲ. ನನಗೆ ಉಳಿದಿದ್ದ ಒಂದೇ ಆಸರೆ ನಿನ್ನ ಕಥೆ. ನೀನಾದರೂ ನಂಬಿದ್ದೀ, ನೀನಾದರೂ ಅವಳನ್ನು ಮೇಲೆ ತರುತ್ತೀ ಎಂದುಕೊಂಡಿದ್ದೆ. ಅಧ್ಯಾಯ ಬಂತು, ಕಟ್ಟು ಬಿಚ್ಚಲಿಲ್ಲ. ಬಾವಿಯವಳು ಎದ್ದು ಬರುವುದನ್ನು ಓದಿದರೆ, ಯಾರೂ ಏಳದ ಆ ಶನಿವಾರದ ಬೆಳಿಗ್ಗೆಗೆ, ಆ ಸ್ಮಶಾನಕ್ಕೆ ಮತ್ತೆ ಹೋಗಿ ನಿಲ್ಲಬೇಕಾಗುತ್ತದೆ ಎಂದು ಹೆದರಿದೆ. ಓದದೆ ಬರೆದೆ. ನೀನು ನನ್ನನ್ನು ಹಿಡಿದುಕೊಂಡಿದ್ದೆ, ನಾನು ನಿನ್ನನ್ನು ಹಿಡಿದುಕೊಂಡಿದ್ದೆ, ನಮ್ಮಿಬ್ಬರ ಕಾಲಡಿಯಲ್ಲೂ ನೆಲವಿರಲಿಲ್ಲ.

ಆಗಸ್ಟಿನಲ್ಲಿ ಚೂಟಿ ಏಳುತ್ತಾಳೆ ಎಂದು ಬರೆದದ್ದು ಹೆದರಿಕೆಗೆ. ನನ್ನಿಂದ ನೀನು ಕಳೆದುಕೊಂಡದ್ದನ್ನು ಹೇಗಾದರೂ ನಿನ್ನ ಕೈಗೆ ತುರುಕಿಬಿಡೋಣವೆಂದು ಹೊರಟಿದ್ದೆ. ನೀನು ಸರಿಯಾಗಿಯೇ ಹಿಡಿದೆ.

ಒಂದು ಸಾಲು ಕೇಳಿದ್ದೀ. ಭರವಸೆಯದ್ದು ಬರೆದೆ, ನನ್ನದಲ್ಲ ಅನ್ನಿಸಿತು. ಅವಳು ಎಲ್ಲೂ ಇಲ್ಲ ಎಂದು ಬರೆಯಲು ಹೋದೆ, ಅದೂ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಅದನ್ನಾದರೂ ಕೊಡುತ್ತಿದ್ದೆ, ನೀನು ಒಂದು ಕಡೆಯಾದರೂ ನಿಲ್ಲಬಹುದಿತ್ತು. ಪ್ರೀತಿಯ ಮಗಳು ಎಂದು ಬರೆದೆ. ಅದನ್ನು ಹೇಳಲು ನಾನು ಯಾಕೆ ಬೇಕು, ಅದು ನಿನಗೂ ಭಾವನಿಗೂ ಗೊತ್ತು.

ಕಲ್ಲು ಹಾಗೇ ಇರಲಿ ಅಕ್ಕ. ಕೆತ್ತುವವನಿಗೆ ಹೇಳಿಬಿಡು, ಇನ್ನು ಕಾಯುವುದು ಬೇಡ ಎಂದು.

ತಮ್ಮ